ಬಸಲಿಂಗವ್ವನ ಹಣೆ

ಇದನ್ನು ಹೇಳಲು ನನಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚು. ಇಳಕಲ್ಲಿನ ನನ್ನ ಆಫ್‌ಸೆಟ್ ಪ್ರೆಸ್ಸಿಗೆ ತೀರಿಕೊಂಡ ಬಸಲಿಂಗವ್ವನ ಶಿವಗಣಾರಾಧನೆಯ ಕಾರ್ಡು ಅಚ್ಚಿಗೆ ಬಂದಿತ್ತು. ತೀರಿಕೊಂಡವಳು ವಿಧವೆಯಾದರೆ, ಯಾರೂ ಹೇಳದಿದ್ದರೂ, ಫೋಟೋದಲ್ಲಿನ ಕುಂಕುಮವನ್ನು ಕಂಪ್ಯೂಟರಿನಲ್ಲಿ ಅಳಿಸುವುದು ನನ್ನ ರೂಢಿ. ಅಳಿಸಿದೆ.

ಅಚ್ಚಾದ ಪ್ರತಿ ಹಾಳೆಯಲ್ಲೂ ಹಣೆಯ ನಡುವೆ ದುಂಡನೆಯ ಕಪ್ಪು ಕಲೆ ಬಿತ್ತು.

"ಪ್ಲೇಟಿಗೆ ನೀರು ಸಾಲವಲ್ದ್ರಿ, ಅದಕ್ಕ ಖಾಲಿ ಜಾಗಾದಾಗ ಇಂಕು ಹಿಡ್ಯಾಕತ್ತೈತಿ," ಎಂದ ಮಷೀನ್ ನಡೆಸುವ ಯಾಕೂಬಸಾಬ. ನೀರು ಹೆಚ್ಚಿಸಿದ. ಅಕ್ಷರಗಳು ಮಸುಕಾದವು, ಕಲೆ ಮಾತ್ರ ಮಸುಕಾಗಲಿಲ್ಲ. ರೋಲರ್ ತೊಳೆದು ಹೊಸ ಪ್ಲೇಟ್ ಹಾಕಿದೆವು. ಅದೇ ಜಾಗ, ಅದೇ ಕಲೆ. ಹೊರಗೆ ಸುಡುಬಿಸಿಲು, ಹಾಳೆಯೆಲ್ಲ ಒಣಗಿದರೂ ಅದೊಂದು ಹಸಿಯಾಗಿ, ತಣ್ಣಗಿತ್ತು.

ಅಷ್ಟರಲ್ಲಿ ಬಸಲಿಂಗವ್ವನ ಮಗಳು ಶೈಲಾ ಬಂದಳು. ಕಂಪ್ಯೂಟರಿನಲ್ಲಿ ತಾಯಿಯ ಬೋಳು ಹಣೆ ನೋಡಿ ನಿಂತುಬಿಟ್ಟಳು.

"ಅಪ್ಪ ಸತ್ತಾಗ ಮಂದಿ ಕೂಡಿ ಅಳಸಾಕ ಬಂದಿದ್ರು. ಅವ್ವ ಯಾರಿಗೂ ಹಣಿ ಮುಟ್ಟಗೊಡಲಿಲ್ಲ. ನಿಮಗ ಯಾರು ಹೇಳಿದ್ರೀ?"

ಆಕೆ ಹಾಳೆಯ ಮೇಲಿನ ಕಲೆಯನ್ನು ಮೆಲ್ಲಗೆ ಸವರಿದಳು. ಬೆಳಗಿನಿಂದ ಮಷೀನಿನಲ್ಲಿ ಇದ್ದದ್ದು ಕಪ್ಪು ಇಂಕು ಮಾತ್ರ. ಆಕೆಯ ಬೆರಳ ತುದಿ ಕೆಂಪಾಗಿತ್ತು.