ಡಬ್ಬಿಗೆ ಹಾಕದ ಚೀಟಿ

ಪುಕ್ಕಲಿ ಹೇಳದ ಮಾತೊಂದನ್ನು ಪುಕ್ಕಲಿಯೇ ಹೇಳಿದಳು ಅಂತ ನಾನು ಹೇಳಿ ಅಂದಿಗೆ ಹನ್ನೊಂದು ದಿನ. ಬೆಳಿಗ್ಗೆ ಒಂಬತ್ತೂವರೆಗೆ ಫೋನು ಬಂತು.

"ಮೇಡಂ, ಇವಳು ಏಳ್ತಾನೇ ಇಲ್ಲ," ಅಂದರು ಕನ್ನಡಕದಂಗಡಿಯವರು. "ನಿನ್ನೆಯಿಂದ ಏನೂ ತಿಂದಿಲ್ಲ, ನೀರೂ ಮುಟ್ಟಿಲ್ಲ. ಬೇಗ ಬನ್ನಿ. ಏನಾಗ್ತಿದೆ ಅಂತ ಅವಳನ್ನ ಕೇಳಿ."

"ಡಾಕ್ಟರಿಗೆ ಫೋನ್ ಮಾಡಿದ್ರಾ?"

"ಮೊದಲು ನೀವು ಕೇಳಿ. ಅವಳು ಬೇಡ ಅಂದಿದ್ದನ್ನ ನಾನು ಮಾಡಲ್ಲ."

ಬೇಡ ಅಂದವಳು ನಾನು.

ಪುಕ್ಕಲಿ ಅವರ ನಾಯಿ. ಒಂಬತ್ತು ವರ್ಷ. ಕುಕ್ಕರ್ ಕೂಗಿದರೆ ಮಂಚದ ಕೆಳಗೆ, ಯಾರಾದರೂ ಛತ್ರಿ ಬಿಚ್ಚಿದರೆ ಬೀರುವಿನ ಹಿಂದೆ. ಎದುರಿಗೆ ಬೆಕ್ಕು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವಷ್ಟು ಮರ್ಯಾದಸ್ಥೆ. ಹೆಸರು ಸುಮ್ಮನೆ ಬಂದದ್ದಲ್ಲ.

ನನ್ನ ಕೆಲಸ ಇಂಥ ಪ್ರಾಣಿಗಳ ಮನಸ್ಸು ಕೇಳಿ ಮನೆಯವರಿಗೆ ತಿಳಿಸುವುದು. ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಮೈಮೇಲೆ ಕೈಯಿಟ್ಟು ಸುಮ್ಮನೆ ಕೂತರೆ ಒಂದು ಚಿತ್ರ ಬರುತ್ತದೆ, ಒಂದು ವಾಸನೆ, ಒಂದು ಹೆದರಿಕೆ. ಕೆಲವು ದಿನ ಏನೂ ಬರುವುದಿಲ್ಲ. ಬರದ ದಿನ ಬರಲಿಲ್ಲ ಅಂತಲೇ ಹೇಳಬೇಕು, ಕಾಯಿಲೆಯ ವಿಷಯ ಬಂದರೆ ಬಾಯಿ ಮುಚ್ಚಿಕೊಂಡು ಡಾಕ್ಟರ ಹತ್ತಿರ ಕಳಿಸಬೇಕು. ಇದನ್ನೆಲ್ಲ ಕಲಿಸಿದವರು ನನ್ನ ದೊಡ್ಡಮ್ಮ. ನಲವತ್ತು ವರ್ಷ ಇದೇ ಕೆಲಸ ಮಾಡಿ ಈಗ ನನ್ನ ಜೊತೆಗಿದ್ದಾರೆ.

ನಮ್ಮ ಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಒಂದು ಹಳೆಯ ಬಿಸ್ಕೆಟ್ ಡಬ್ಬಿ ಇರುತ್ತಿತ್ತು. ಪ್ರಾಣಿಯ ಹತ್ತಿರ ಕೂರುವ ಮೊದಲು, ಆ ಹೊತ್ತಿಗೆ ನನಗೇನು ಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು. 'ಇವರು ನನ್ನನ್ನು ಹೊಗಳಲಿ.' 'ಬೇಗ ಮುಗಿಯಲಿ, ಹಸಿವಾಗಿದೆ.' ಎಷ್ಟೇ ಸಣ್ಣ ಆಸೆಯಾದರೂ ಸರಿ. ಕೆಲಸ ಮುಗಿದ ಮೇಲೆ ಮನೆಯವರು ಕೇಳಿದರೆ ಚೀಟಿ ತೆಗೆದು ತೋರಿಸಬೇಕು.

"ಚಪ್ಪಲಿ ಬಿಡೋ ಜಾಗದಲ್ಲೇ ನಿನ್ನ ಆಸೆನೂ ಬಿಟ್ಟು ಬಾರೇ," ಅನ್ನುತ್ತಿದ್ದರು ದೊಡ್ಡಮ್ಮ. "ಇಲ್ಲಾಂದ್ರೆ ನಾಯಿ ಹೆಸರಲ್ಲಿ ನೀನೇ ಮಾತಾಡ್ತೀಯ."

ನಾಲ್ಕು ತಿಂಗಳ ಹಿಂದೆ ಅದೇ ಬಾಗಿಲಲ್ಲಿ ಪುಕ್ಕಲಿಯನ್ನು ಎತ್ತಿಕೊಂಡು ಈ ಕನ್ನಡಕದವರು ನಿಂತಿದ್ದರು. ಯಾರು, ಏನು ಅಂತ ನಾನು ಕೇಳುವ ಮೊದಲೇ ಅವರ ಬಾಯಿಂದ ಬಂದ ಮಾತು: "ನಿಮ್ಮ ಕನ್ನಡಕ ಸೊಟ್ಟಗಿದೆ."

ಆಡಿಕೊಳ್ಳಲು ಬಂದ ಆಸಾಮಿ ಅಂದುಕೊಂಡೆ. "ನಾಯಿ ತೋರಿಸೋಕೆ ಬಂದ್ರಾ, ನನ್ನ ಮುಖ ನೋಡೋಕೆ ಬಂದ್ರಾ?"

"ಬಂದಿದ್ದು ನಾಯಿಗೇ. ಮುಖ ಕಣ್ಣಿಗೆ ಬಿತ್ತು. ಏನ್ ಮಾಡ್ಲಿ, ನನ್ನ ಕೆಲಸಾನೇ ಅದು."

ಕನ್ನಡಕ ಮಾಡುವವರು ಅಂತ ಆಮೇಲೆ ಗೊತ್ತಾಯಿತು. ಮರುದಿನ ಅವರ ಅಂಗಡಿಗೆ ಹೋದೆ. ಎದುರಿನ ಸ್ಟೂಲಿನ ಮೇಲೆ ಕೂತು ನನ್ನ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಮೆಲ್ಲಗೆ ಬಗ್ಗಿಸಿದರು. ಬೆರಳು ಬೆಚ್ಚಗಿತ್ತು.

"ನನ್ನ ಕಡೆ ನೋಡಿ."

"ನೋಡ್ತಾನೇ ಇದೀನಿ."

"ನೀವು ನನ್ನ ಎಡಗಿವಿ ನೋಡ್ತಿದೀರ. ಕಣ್ಣು ನೋಡಿ. ನೇರ."

ನೇರ ನೋಡಿದೆ. ಅವರ ಬಲಗಣ್ಣಿನ ರೆಪ್ಪೆಯ ಅಂಚಿನಲ್ಲಿ ಎಳ್ಳಿನಷ್ಟು ಮಚ್ಚೆ. ನೋಡುತ್ತ ನೋಡುತ್ತ ಅವರು ಕಡ್ಡಿ ಬಗ್ಗಿಸುವುದನ್ನೇ ಮರೆತರು. ನಾನು ನೆನಪಿಸಲಿಲ್ಲ. ಮೇಜಿನ ಕೆಳಗಿದ್ದ ಪುಕ್ಕಲಿ ಸೀನಿದಾಗ ಇಬ್ಬರೂ ಬೆಚ್ಚಿದೆವು.

ಆಮೇಲೆ ನನ್ನ ಕನ್ನಡಕ ವಾರಕ್ಕೊಮ್ಮೆ ಸೊಟ್ಟಗಾಗತೊಡಗಿತು. ನಾನೇ ಬಗ್ಗಿಸಿಕೊಂಡು ಹೋಗುತ್ತಿದ್ದೆ, ಸುಳ್ಳೇಕೆ.

"ಏನ್ರೀ, ನಿಮ್ಮ ಕನ್ನಡಕ ಕುಸ್ತಿಗಿಸ್ತಿ ಆಡುತ್ತಾ?" ಅಂತ ಕಣ್ಣಲ್ಲೇ ನಗುತ್ತಿದ್ದರು. ಎಲ್ಲದಕ್ಕೂ ಅವರದು ಒಂದೇ ಪ್ರಶ್ನೆ. ಹೊಸ ಶರ್ಟು ಹಾಕಿಕೊಂಡರೆ, "ಪುಕ್ಕಲಿ ಏನಂತಾಳೆ?" ಅಂಗಡಿ ಬೇಗ ಮುಚ್ಚಿ ನನ್ನ ಜೊತೆ ಕೆರೆಯ ಕಡೆ ನಡೆಯಬೇಕು ಅನ್ನಿಸಿದರೂ, "ಪುಕ್ಕಲಿ ಏನಂತಾಳೆ?" ಅವಳು ಬಾಲ ಅಲ್ಲಾಡಿಸುತ್ತಿದ್ದಳು. ಅಷ್ಟು ಅರ್ಥ ಮಾಡಿಕೊಳ್ಳಲು ನನ್ನ ವಿದ್ಯೆಯೇನೂ ಬೇಕಿರಲಿಲ್ಲ.

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು.

ಇಲ್ಲಿಂದ ಒಂದು ದಿನದ ದಾರಿಯಲ್ಲಿ ದೊಡ್ಡ ಪ್ರಾಣಿ ಆಸ್ಪತ್ರೆ ಇದೆ, ಅಲ್ಲಿ ಆಪರೇಷನ್ ಮಾಡಿಸಿ, ಆಮೇಲೆ ತಿಂಗಳುಗಟ್ಟಲೆ ಔಷಧಿ, ತಡ ಮಾಡಬೇಡಿ ಅಂದರು ಡಾಕ್ಟರ್. ಆ ಊರಿನಲ್ಲಿ ಕನ್ನಡಕದವರ ಅಣ್ಣ ಇದ್ದರು. ಬಾ, ನನ್ನ ಅಂಗಡಿಯಲ್ಲೇ ಜೊತೆಗಿರು ಅಂತ ವರ್ಷಗಳಿಂದ ಕರೆಯುತ್ತಿದ್ದರು. ಹೋದರೆ ಇವರು ವಾಪಸು ಬರುವುದು ಅನುಮಾನವೇ.

ಆಪರೇಷನ್ನಿನ ದಿನ ಗೊತ್ತಾದ ಮೇಲೆ ಪುಕ್ಕಲಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. "ಒಂದು ಸಲ ಕೇಳಿಬಿಡಿ. ಅವಳಿಗೆ ಹೋಗೋಕೆ ಇಷ್ಟ ಇದೆಯಾ?"

ಕಾಯಿಲೆಯ ವಿಷಯ, ನಾನು ಕೇಳಬಾರದು ಅನ್ನಬೇಕಿತ್ತು. ಅನ್ನಲಿಲ್ಲ. ಚೀಟಿ ಮಾತ್ರ ಬರೆದೆ: 'ಇವರು ಹೋಗಬಾರದು.' ಡಬ್ಬಿಯ ಮುಚ್ಚಳ ತೆಗೆದೆ. ಅವರು ಚೀಟಿ ಕೇಳಿ ಓದಿಬಿಟ್ಟರೆ? ನಾಚಿಕೆಯೋ ಹೆದರಿಕೆಯೋ, ಚೀಟಿಯನ್ನು ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಒಳಗೆ ಬಂದು ಕೂತೆ.

ಪುಕ್ಕಲಿಯ ಬೆನ್ನಿನ ಮೇಲೆ ಕೈಯಿಟ್ಟೆ. ಅಂಗಡಿಯ ಮೇಜಿನ ಕೆಳಗಿನ ಹಳೆಯ ಚಾಪೆ ಬಂತು. ಮಧ್ಯಾಹ್ನದ ಬಿಸಿಲಿನ ಪಟ್ಟಿ, ಪಕ್ಕದಲ್ಲಿ ಅವರ ಪಾದ. ಅಷ್ಟೇ. ಅದರಲ್ಲಿ ಹೌದೂ ಇರಲಿಲ್ಲ, ಇಲ್ಲವೂ ಇರಲಿಲ್ಲ.

"ಎಲ್ಲಿಗೂ ಬೇಡವಂತೆ," ಅಂದಿತು ನನ್ನ ಬಾಯಿ. "ಇಲ್ಲೇ ಇರೋಣ ಅಂತಿದ್ದಾಳೆ."

ಅವರು ಅವಳ ತಲೆಗೆ ಮುಖ ಒತ್ತಿ ಅತ್ತುಬಿಟ್ಟರು. ಸಂಜೆಯೊಳಗೆ ಆಸ್ಪತ್ರೆಗೆ ಫೋನ್ ಮಾಡಿ ಬರುವುದಿಲ್ಲ ಅಂದರು.

ಹನ್ನೊಂದು ದಿನ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ಗೊತ್ತಿಲ್ಲ. ಎರಡು ಸಲ ಹೇಳಲು ಹೋದೆ. ಎರಡು ಸಲವೂ ಅವರು ನನ್ನ ಮುಖ ಕಂಡು ಎಷ್ಟು ಸಮಾಧಾನದಿಂದ ನಕ್ಕರೆಂದರೆ, ಕನ್ನಡಕ ಸಡಿಲವಾಗಿದೆ ಅಂದು ಸರಿಮಾಡಿಸಿಕೊಂಡು ವಾಪಸು ಬಂದೆ.

ಆ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಪುಕ್ಕಲಿ ಚಾಪೆಯ ಮೇಲೆ ಒಂದು ಕಡೆಗೆ ಒರಗಿದ್ದಳು. ಹೊಟ್ಟೆ ಉಬ್ಬಿತ್ತು, ಒಸಡು ಬಿಳಿಚಿಕೊಂಡಿತ್ತು. ಅವರು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬಂದ್ರಲ್ಲ, ಸದ್ಯ. ಕೂತ್ಕೊಳ್ಳಿ. ಪುಕ್ಕಲಿ ಏನಂತಾಳೆ?"

"ಎತ್ಕೊಳ್ಳಿ ಅವಳನ್ನ. ಡಾಕ್ಟರ ಹತ್ರ ಹೋಗೋಣ, ಈಗಲೇ."

"ಅವಳೇ ಬೇಡ ಅಂದಿದ್ಳಲ್ಲ?"

"ಅಂದಿರಲಿಲ್ಲ." ಕನ್ನಡಕದ ಪೆಟ್ಟಿಗೆ ತೆರೆದು ಚೀಟಿಯನ್ನು ಅವರ ಕೈಗೆ ಕೊಟ್ಟೆ. "ಅವಳು ಏನೂ ಅಂದಿರಲಿಲ್ಲ. ಇಲ್ಲೇ ಇರಿ ಅಂದಿದ್ದು ನಾನು. ಇದನ್ನ ಡಬ್ಬಿಗೆ ಹಾಕಬೇಕಿತ್ತು, ಬಚ್ಚಿಟ್ಟೆ. ನೀವು ಹೋಗಿಬಿಡ್ತೀರ ಅಂತ ಅವಳ ಹೆಸರಲ್ಲಿ ಸುಳ್ಳು ಹೇಳಿದೆ."

ಅವರು ಓದಿದರು. ಎರಡೇ ಪದ, ಎಷ್ಟು ಹೊತ್ತು ಓದಿದರೋ. ಆಮೇಲೆ ಮೂಗಿನ ಮೇಲಿನ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಕನ್ನಡಕವಿಲ್ಲದೆ ಅವರಿಗೆ ಮೂರಡಿ ಆಚೆ ಏನೂ ಕಾಣುವುದಿಲ್ಲ. ನನ್ನ ಮುಖ ನೋಡುವುದು ಬೇಡವಾಗಿತ್ತು ಅವರಿಗೆ.

"ಷಟರ್ ಎತ್ತಿ," ಅಂದರು, ಅಷ್ಟೇ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿದವರೇ ಸಿಡುಕಿದರು. "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?"

"ತಡೆದಿದ್ದು ನಾನು," ಅಂದೆ.

ಡಾಕ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಬೈಯಲಿಲ್ಲ. ಬೈಯುವಷ್ಟು ಹೊತ್ತಿರಲಿಲ್ಲ. "ಗಡ್ಡೆ ಒಡೆದು ಒಳಗೆ ರಕ್ತ ಸೋರ್ತಿದೆ. ಬೇರೆ ಊರಿಗೆಲ್ಲ ಈಗ ಆಗಲ್ಲ. ಇಲ್ಲೇ ಹೊಟ್ಟೆ ಕೊಯ್ಯಬೇಕು. ಟೇಬಲ್ ಮೇಲೇ ಹೋಗಬಹುದು, ಉಳಿಯಲೂಬಹುದು. ಬೇಡ ಅಂದ್ರೆ ನೋವಿಲ್ಲದ ಹಾಗೆ ಈಗಲೇ ಕಳಿಸಿಕೊಡ್ತೀನಿ. ಐದು ನಿಮಿಷದಲ್ಲಿ ಹೇಳಿ."

ಡಾಕ್ಟರ್ ಒಪ್ಪಿಗೆಯ ಫಾರಮ್ಮನ್ನು ಕನ್ನಡಕದವರ ಕೈಗಿಟ್ಟರು. ಅವರು ನನ್ನ ಕಡೆ ತಿರುಗಿದರು. ಅಂಥ ಮುಖವನ್ನು ನಾನು ಇನ್ನೊಮ್ಮೆ ನೋಡಲಾರೆ.

"ಈಗ ಕೇಳಿ. ಒಂದೇ ಒಂದು ಸಲ. ಇರ್ತಾಳಂತಾ, ಹೋಗ್ತಾಳಂತಾ. ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳಿ ಸಾಕು."

"ನಿಜಾನೇ ಹೇಳ್ತೀನಿ. ನಾನು ಕೇಳಲ್ಲ."

"ಯಾಕೆ?"

"ಈಗ ಕೈಯಿಟ್ಟರೆ ಬದುಕ್ತೀನಿ ಅಂತಲೇ ಕೇಳಿಸುತ್ತೆ ನನಗೆ. ಅದು ಅವಳದಾಗಿರಲ್ಲ. ಅವಳು ಹೋಗಿಬಿಟ್ಟರೆ ನೀವು ಜನ್ಮದಲ್ಲಿ ನನ್ನ ಮುಖ ನೋಡಲ್ಲ ಅಂತ ನನಗೆ ಜೀವ ಹೋಗೋಷ್ಟು ಭಯ. ನಿಮ್ಮನ್ನ ಅಷ್ಟು ಪ್ರೀತಿಸ್ತೀನಿ ನಾನು. ಇಷ್ಟು ಆಸೆ ಇಟ್ಕೊಂಡವಳಿಗೆ ನಾಯಿ ಮನಸ್ಸು ಹೇಗೆ ಕೇಳಿಸುತ್ತೆ? ಒಂಬತ್ತು ವರ್ಷ ಅವಳ ಜೊತೆ ಇದ್ದವರು ನೀವು. ನೀವೇ ಹೇಳಬೇಕು."

ಪ್ರೀತಿಯನ್ನು ಹೇಳಿಕೊಳ್ಳುವ ಜಾಗವೇ ಅದು? ಫಿನಾಯಿಲ್ ವಾಸನೆ, ತಕ್ಕಡಿಯ ಮೇಲೆ ಯಾರದೋ ಬೆಕ್ಕು. ನಾಲ್ಕು ತಿಂಗಳು ಕನ್ನಡಕ ಬಗ್ಗಿಸಿಕೊಂಡು ಓಡಾಡಿದವಳು ಕೊನೆಗೆ ಹೇಳಿದ್ದು ಅಲ್ಲಿ, ಹಾಗೆ.

ಅವರು ಮಂಡಿಯೂರಿ ಪುಕ್ಕಲಿಯ ಹಣೆಗೆ ಹಣೆ ತಾಗಿಸಿದರು. ಏನೋ ಪಿಸುಗುಟ್ಟಿದರು. ಏನೆಂದು ನನಗೆ ಕೇಳಿಸಲಿಲ್ಲ. ಎದ್ದು ಸಹಿ ಹಾಕಿದರು.

"ಕೊಯ್ಯಿರಿ ಡಾಕ್ಟರ್."

ಎರಡೂವರೆ ಗಂಟೆ. ಗೋಡೆಗೆ ತಾಗಿ ಎರಡು ಬೆಂಚು. ಅವರು ಒಂದರಲ್ಲಿ, ನಾನು ಇನ್ನೊಂದರಲ್ಲಿ. ಒಳಗಿನಿಂದ ಪಾತ್ರೆ ಸದ್ದಾದಾಗಲೆಲ್ಲ ಪುಕ್ಕಲಿ ಹೆದರುತ್ತಾಳಲ್ಲ ಅಂತ ಇಬ್ಬರೂ ಒಟ್ಟಿಗೇ ತಲೆಯೆತ್ತುತ್ತಿದ್ದೆವು, ಒಟ್ಟಿಗೇ ತಗ್ಗಿಸುತ್ತಿದ್ದೆವು.

ಡಾಕ್ಟರ್ ಬಂದು ಮುಖದ ಮಾಸ್ಕ್ ಇಳಿಸಿದರು. "ಜೀವ ಇದೆ. ಪುಕ್ಕಲಿ ಅಂತ ಯಾರು ಹೆಸರಿಟ್ರೋ, ಗಟ್ಟಿಗಿತ್ತಿ. ಆದ್ರೆ ಕಾಯಿಲೆ ಹರಡಿದೆ. ಹೊಲಿಗೆ ಸ್ವಲ್ಪ ಒಣಗಲಿ, ಆಮೇಲೆ ಆ ಊರಿಗೆ ಕರ್ಕೊಂಡು ಹೋಗಿ. ಕೆಲವು ತಿಂಗಳು ಸಿಗಬಹುದು. ಎಷ್ಟು ಅಂತ ಕೇಳಬೇಡಿ. ಮೊದಲೇ ಬಂದಿದ್ರೆ ಜಾಸ್ತಿ ಸಿಕ್ತಿತ್ತು."

ಕನ್ನಡಕದವರು ನನ್ನ ಮುಂದೆಯೇ ಹಾದು ಒಳಗೆ ಹೋದರು. ತಿರುಗಿ ನೋಡಲಿಲ್ಲ.

ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಡಬ್ಬಿಯನ್ನು ಸೆರಗಿನಿಂದ ಒರೆಸಿ ಅಟ್ಟದ ಮೇಲೆ ಇಟ್ಟರು. "ಒಂದು ವರ್ಷ ಯಾವ ಪ್ರಾಣಿ ಮೇಲೂ ಕೈ ಇಡಬೇಡ. ಬಂದವರಿಗೆ ಯಾಕೆ ಅಂತ ನೀನೇ ಹೇಳಿ ಕಳಿಸು." ಬಂದವರಿಗೆಲ್ಲ ಹೇಳಿ ಕಳಿಸಿದೆ. ಒಬ್ಬೊಬ್ಬರ ಮುಂದೆಯೂ ನೆಲ ಬಾಯ್ತೆರೆಯಬಾರದೇ ಅನ್ನಿಸುತ್ತಿತ್ತು.

ಕನ್ನಡಕದವರ ಫೋನು ಬರಲಿಲ್ಲ. ನಾನು ಮಾಡಲಿಲ್ಲ, ಯಾವ ಮುಖ ಇಟ್ಟುಕೊಂಡು ಮಾಡಲಿ? ಕನ್ನಡಕ ತಾನಾಗಿಯೇ ಸಡಿಲವಾಯಿತು. ಹಾಗೇ ಮೂಗಿನ ತುದಿಗೆ ಜಾರಿಸಿಕೊಂಡು ಓಡಾಡಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಚಾಪೆ, ಚಾಪೆಯ ಮೇಲೆ ಪುಕ್ಕಲಿ. ಅವರು ಬಾಗಿಲಿಗೆ ಬಂದರು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು.

"ಹೊರಟಿದೀವಿ. ಡಬ್ಬಿ ಎಲ್ಲಿ?"

"ದೊಡ್ಡಮ್ಮ ಅಟ್ಟಕ್ಕೆ ಹಾಕಿದ್ದಾರೆ."

ಅವರು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು ಸ್ಟ್ಯಾಂಡಿನ ಮೇಲಿದ್ದ ನನ್ನ ಚಪ್ಪಲಿಯೊಳಗೆ ಹಾಕಿದರು. "ಕಾರು ತಿರುವು ದಾಟಿದ ಮೇಲೆ ಓದಿ."

ನಾನು ಅಷ್ಟು ನಿಯತ್ತಿನವಳಾಗಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವರು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಬಿಚ್ಚಿದ್ದೆ.

'ನನಗೂ ಅದೇ ಮಾತು ಬೇಕಿತ್ತು. ನೀವು ನನಗೆ ಇರಿ ಅನ್ನಲಿ ಅಂತಲೇ ನಾಯಿಯನ್ನು ಕೇಳಿದೆ. ನೇರ ನಿಮ್ಮನ್ನು ಕೇಳಲು ಧೈರ್ಯವಿರಲಿಲ್ಲ. ತಡ ಮಾಡಬೇಡಿ ಅಂತ ಡಾಕ್ಟರ್ ಹೇಳಿದ್ದು ನನಗೂ ಕೇಳಿಸಿತ್ತಲ್ಲ.'

ಬರಿಗಾಲಲ್ಲೇ ಓಡಿದೆ. ಕಿಟಕಿಯ ಗಾಜಿನ ಮೇಲೆ ಕೈಯಿಟ್ಟು ನಿಂತೆ. ಗಾಜು ಇಳಿಯಿತು.

"ಕೋಪ ಇನ್ನೂ ಹೋಗಿಲ್ಲ," ಅಂದರು ಅವರು. "ನಿಮ್ಮ ಮೇಲೂ, ನನ್ನ ಮೇಲೂ. ಬೇಗ ಹೋಗುತ್ತೆ ಅಂತಾನೂ ಅನ್ನಿಸ್ತಿಲ್ಲ."

"ಇರಲಿ."

"ಅವಳಿಗಿರೋದು ಕೆಲವೇ ತಿಂಗಳು. ಕೊನೇಲಿ ನನ್ನ ಕೈಲಿ ತಡ್ಕೊಳ್ಳೋಕೆ ಆಗುತ್ತೋ ಇಲ್ವೋ."

ಪುಕ್ಕಲಿ ಕತ್ತೆತ್ತಿ ನನ್ನನ್ನು ನೋಡಿದಳು. ಬೋಳಿಸಿದ ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ. ಬಾಲದ ತುದಿ ಒಮ್ಮೆ ಆಡಿತು. ಅವಳನ್ನು ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

"ಪುಕ್ಕಲಿ ಏ..." ಅಂತ ಅಭ್ಯಾಸ ಬಲದಿಂದ ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಕಿಟಕಿಯಿಂದ ಕೈ ಚಾಚಿ, ಜಾರಿದ್ದ ನನ್ನ ಕನ್ನಡಕವನ್ನು ಮೂಗಿನ ಮೇಲಕ್ಕೆ ಸರಿಸಿದರು. ಆಮೇಲೆ ನೇರ ಕಣ್ಣಿಗೆ ಕಣ್ಣಿಟ್ಟರು.

"ನೀವೇನಂತೀರಾ?"

ನಾಲ್ಕು ತಿಂಗಳಲ್ಲಿ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಬರ್ತೀನಿ ಅಂತೀನಿ," ಅಂದೆ. ಅಳು ತಡೆಯಲಾಗಲಿಲ್ಲ. "ಇದು ನನ್ನ ಮಾತು. ನನ್ನೊಬ್ಬಳದೇ."

ಅವರು ಬಗ್ಗಿ ಪಕ್ಕದ ಬಾಗಿಲು ತೆಗೆದರು. ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೂಗಿದರು:

"ಚಪ್ಪಲಿನಾದ್ರೂ ಹಾಕ್ಕೊಂಡು ಹೋಗೇ, ಹುಚ್ಚಿ!"