ಐನೂರು ಸೆಕೆಂಡಿನ ಎಣ್ಣೆ

ಲ್ಯಾಬಿನ ಥರ್ಮಾಮೀಟರ್ ನಲವತ್ತು ಡಿಗ್ರಿ ತೋರಿಸುತ್ತಿತ್ತು. ಅದನ್ನು ನೋಡುತ್ತಿದ್ದ ಹಾಗೇ ಹರಿಣಾಕ್ಷಿಗೆ ಹೊಳೆಯಿತು: ನಿನ್ನೆ ಕುಶಲನಿಗೆ ಹೇಳಿದ ಲೆಕ್ಕ ತಪ್ಪು.

ಕುಶಲ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆಚೆ ದಡದ ಕಳವಾ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್. ಇವಳದು ಈಚೆ ದಡದ ಠಾಣೆ ಪಟ್ಟಣದಲ್ಲಿ ಎಣ್ಣೆ ಕಂಪನಿಯ ಲ್ಯಾಬ್. ಅದು ಎಪ್ಪತ್ತೊಂಬತ್ತನೇ ಇಸವಿ. ಯಂತ್ರದ ಎಣ್ಣೆ ಎಷ್ಟು ಮಂದ ಎಂಬುದನ್ನು ಕೆಲವರು ಹಳೆಯ ರೆಡ್‌ವುಡ್ ಸೆಕೆಂಡಿನಲ್ಲಿ ಹೇಳುತ್ತಿದ್ದರು, ಕೆಲವರು ಹೊಸ ಸೆಂಟಿಸ್ಟೋಕಿನಲ್ಲಿ ಕೇಳುತ್ತಿದ್ದರು. ಅಳತೆಯ ಕಪ್ಪಿನ ತಳದ ಸಣ್ಣ ತೂತಿನಿಂದ ಎಣ್ಣೆ ಇಳಿಯಲು ಹಿಡಿಯುವ ಹೊತ್ತೇ ರೆಡ್‌ವುಡ್ ಸೆಕೆಂಡ್. ಅದನ್ನು ಹೆಚ್ಚುಕಡಿಮೆ ನಾಲ್ಕರಿಂದ ಭಾಗಿಸಿದರೆ ಸೆಂಟಿಸ್ಟೋಕ್. ಇಷ್ಟನ್ನು ಕೇಳಲು ಆ ಮಹಾರಾಯ ವಾರವಾರವೂ ಸೇತುವೆ ದಾಟಿ ಬರುತ್ತಿದ್ದ.

"ಮುನ್ನೂರು ಸೆಕೆಂಡ್ ಅಂದ್ರೆ ಎಷ್ಟಾಗ್ತದೆ ಮಿಸ್?"

"ಹೋದ ವಾರವೂ ಇದನ್ನೇ ಕೇಳಿದ್ರಿ."

"ಹೋದ ವಾರ ಕೇಳಿದ್ದು ಇನ್ನೂರೈವತ್ತು."

"ನಿಮ್ಮ ಶಾಲೆಯಲ್ಲಿ ಭಾಗಾಕಾರ ಕಲಿಸ್ಲಿಲ್ವಾ?"

"ಕಲಿಸಿದ್ರು. ನೀವು ಹೇಳಿಕೊಟ್ಟ ಹಾಗೆ ಇರ್ಲಿಲ್ಲ."

ಹೀಗೆ ಹೇಳಿ ಅವನು ಕಿಟಕಿಯಾಚೆ ನೋಡುತ್ತಿದ್ದ. ಅವನ ಕಿವಿ ಕೆಂಪಾಗುವುದನ್ನು ಅವಳು ನೋಡದವಳ ಹಾಗೆ ನೋಡುತ್ತಿದ್ದಳು. ಪಾಪ, ಸ್ವಲ್ಪ ದಡ್ಡ ಎಂದುಕೊಂಡಿದ್ದಳು. ದಡ್ಡ ಬರುವ ದಿನ ಮಾತ್ರ ಒಳ್ಳೆಯ ಸೀರೆಯೇ ಏಕೆ ಬೇಕು ಎಂದು ತನ್ನನ್ನು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ನಿನ್ನೆ ಅವನು ಗೇರ್‌ಬಾಕ್ಸಿನ ಎಣ್ಣೆಯ ವಿಷಯ ಕೇಳಿದ್ದ. ಐನೂರು ಸೆಕೆಂಡ್, ನೂರಾ ನಲವತ್ತು ಫ್ಯಾರನ್‌ಹೀಟಿನಲ್ಲಿ. ಅವಳ ಕಿವಿಯೊಳಗೆ ಬೆಳಿಗ್ಗೆ ಅಮ್ಮ ಹೇಳಿದ್ದೇ ಇತ್ತು: ಡೊಂಬಿವಲಿಯ ಬ್ಯಾಂಕಿನ ಹುಡುಗ ಒಪ್ಪಿದ್ದಾನೆ, ಭಾನುವಾರದೊಳಗೆ ನೀನು ಹ್ಞೂಂ ಅನ್ನಬೇಕು. ಆ ಗೊಂದಲದಲ್ಲಿ ನಾಲ್ಕರಿಂದ ಭಾಗಿಸಿ ನೂರಿಪ್ಪತ್ತೈದು ಎಂದುಬಿಟ್ಟಳು. ಸೆಕೆಂಡನ್ನು ಬದಲಾಯಿಸಿದಳು, ಬಿಸಿಯನ್ನು ಮರೆತಳು. ನೂರಾ ನಲವತ್ತು ಫ್ಯಾರನ್‌ಹೀಟ್ ಎಂದರೆ ಅರವತ್ತು ಡಿಗ್ರಿ ಸೆಲ್ಸಿಯಸ್. ಹೊಸ ಅಳತೆಯೆಲ್ಲ ನಲವತ್ತು ಡಿಗ್ರಿಯದು. ಬಿಸಿಯಲ್ಲಿ ತೆಳ್ಳಗಾಗಿದ್ದ ಎಣ್ಣೆ ನಲವತ್ತಕ್ಕಿಳಿದರೆ ಮುನ್ನೂರು ದಾಟುತ್ತದೆ. ಅಲ್ಲಿ ನೂರಿಪ್ಪತ್ತೈದರ ಎಣ್ಣೆ ಹಾಕಿದರೆ ಹಲ್ಲಿಗೆ ಹಲ್ಲು ಉಜ್ಜಿ ಗೇರ್ ಪುಡಿಯಾಗುತ್ತದೆ.

ಫೋನ್ ಹತ್ತಲಿಲ್ಲ. ಅರ್ಧ ದಿನ ರಜೆ ಹೇಳಿ ಬಸ್ಸು ಹಿಡಿದಳು. ಸೇತುವೆಯ ಮೇಲೆ ಲಾರಿಗಳ ಹಿಂದೆ ಬಸ್ಸು ನಿಂತಾಗ ಅವಳಿಗೆ ಅಳು ಬಂತು. ಅವನ ಕೆಲಸ ಹೋಗುತ್ತದೆ, ಅವನು ಊರಿಗೆ ಹೊರಟುಹೋಗುತ್ತಾನೆ, ಇನ್ನು ಲ್ಯಾಬಿನ ಬಾಗಿಲಲ್ಲಿ ಆ ಮುಖ ಕಾಣುವುದಿಲ್ಲ. ತಾನು ಅಳುತ್ತಿರುವುದು ಗೇರ್‌ಬಾಕ್ಸಿಗಲ್ಲ ಎಂದು ಗೊತ್ತಾದಾಗ ಅವಳು ನಿಜಕ್ಕೂ ಬೆಚ್ಚಿಬಿದ್ದಳು.

ಗೇಟಿಗೆ ಬಂದ ಕುಶಲನ ಕೈಯೆಲ್ಲ ಗ್ರೀಸ್.

"ಗೇರ್‌ಬಾಕ್ಸ್ ನಿಲ್ಲಿಸಿ. ನಾನು ಹೇಳಿದ್ದು ತಪ್ಪು," ಎಂದಳು ಏದುಸಿರು ಬಿಡುತ್ತಾ.

"ಅದಕ್ಕೆ ಎಂತ ಆಗ್ಲಿಲ್ಲ. ಮುನ್ನೂರಿಪ್ಪತ್ತರ ಎಣ್ಣೆ ಹಾಕಿದ್ದು."

"ಮುನ್ನೂರಿಪ್ಪತ್ತಾ? ಯಾರು ಹೇಳಿದ್ದು?"

ಅವನು ತಲೆ ತಗ್ಗಿಸಿದ. "ನಾನೇ ಲೆಕ್ಕ ಹಾಕಿದ್ದು. ಇಲ್ಲಿಯ ಎಣ್ಣೆ ಲೆಕ್ಕ ಎಲ್ಲ ನಾನೇ ಮಾಡುದು."

ದಡ್ಡ ಯಾರು ಎಂಬುದು ಅವಳಿಗೆ ಈಗ ತಿಳಿಯಿತು.

"ಹಾಗಾದ್ರೆ ಇಷ್ಟು ದಿನ ನನ್ನ ಹತ್ರ ಕೇಳ್ತಾ ಇದ್ದದ್ದು?"

"ನಿಮ್ಮ ಲ್ಯಾಬಿಗೆ ಬರ್ಲಿಕ್ಕೆ ನಂಗೆ ಬೇರೆ ಎಂತ ನೆಪ ಉಂಟು ಹೇಳಿ."

ಮೈಯೆಲ್ಲ ಜುಮ್ಮೆಂದಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ತಪ್ಪು ಅಂತ ಗೊತ್ತಿದ್ದೂ ನಿನ್ನೆ ಬಾಯಿ ಮುಚ್ಚಿ ಕೂತ್ರಾ? ಇದನ್ನೇ ನಾನು ಇನ್ನೊಬ್ಬರಿಗೆ ಹೇಳಿದ್ರೆ?"

ಕುಶಲನ ಮುಖ ಬಿಳಿಚಿಕೊಂಡಿತು. ಆ ಯೋಚನೆ ಅವನಿಗೆ ಬಂದೇ ಇರಲಿಲ್ಲ.

"ಹೇಳಿದ್ರೆ ನಂಗೆ ಲೆಕ್ಕ ಬರ್ತದೆ ಅಂತ ಗೊತ್ತಾಗ್ತಿತ್ತು. ಮತ್ತೆ ಬರ್ಲಿಕ್ಕೆ ಬಿಡ್ತಿರ್ಲಿಲ್ಲ ನೀವು. ನಂದೇ ತಪ್ಪು."

"ಇನ್ನು ನಾನು ತಪ್ಪಿದ್ರೆ ಆ ಕ್ಷಣವೇ ಮುಖಕ್ಕೆ ಹೇಳ್ಬೇಕು."

"ಹೇಳ್ತೇನೆ."

"ಭಾನುವಾರ ಡೊಂಬಿವಲಿಯ ಹುಡುಗನಿಗೆ ಹ್ಞೂಂ ಅನ್ನುವವಳಿದ್ದೇನೆ, ಮದುವೆಗೆ."

ಒಳಗೆ ಯಂತ್ರ ಗಡಗಡ ಎನ್ನುತ್ತಿತ್ತು. ಕುಶಲ ಕೈ ಒರೆಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ. ಈ ಸಲ ಕಿಟಕಿಯಾಚೆ ನೋಡಲು ಅಲ್ಲಿ ಕಿಟಕಿ ಇರಲಿಲ್ಲ.

"ತಪ್ಪು," ಎಂದ.

"ಲೆಕ್ಕ ತೋರಿಸಿ." ತುಟಿಯಂಚಿನ ನಗುವನ್ನು ಅವಳು ಕಷ್ಟಪಟ್ಟು ತಡೆದಳು.

"ಲೆಕ್ಕ ಗಿಕ್ಕ ಇಲ್ಲ. ನಂಗೆ ನೀವಂದ್ರೆ ಜೀವ, ಹರಿಣಾಕ್ಷಿ."

ಅವನು ಮಿಸ್ ಅನ್ನಲಿಲ್ಲ. ಅವಳ ಕಣ್ಣು ತುಂಬಿಬಂತು. ಗೇಟಿನ ವಾಚ್‌ಮನ್ ಅತ್ತ ತಿರುಗಿ ಬೀಡಿ ಹಚ್ಚಿದ.

"ಅವರಿಗೆ ಬೇಡ ಅಂತ ನಾನು ಹೇಳ್ತೇನೆ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಂಡು. "ಬೇಕು ಅಂತ ಅಪ್ಪನಿಗೆ ನೀವೇ ಬಂದು ಹೇಳ್ಬೇಕು. ವರ್ತಕ ನಗರದಲ್ಲಿ ಮನೆ."

"ಯಾವಾಗ?"

"ಭಾನುವಾರದವರೆಗೆ ಕಾದ್ರೆ ನಂಗೆ ಹೆದರಿಕೆ."

ಕುಶಲ ಕೈ ತೊಳೆಯಲು ನಲ್ಲಿಯ ಕಡೆ ಓಡಿದ.