ಗೌರಿಯ ಎಡಗಾಲು

ಕೊಬ್ಬರಿ ಎಣ್ಣೆಗೆ ನಲವತ್ತು ರೂಪಾಯಿ, ಮೇಲೆ ನಾಲ್ಕು ದಿನ. ಕತ್ತರಿಗಾದರೆ ಪೈಸೆ ಖರ್ಚಿಲ್ಲ, ಒಂದೇ ನಿಮಿಷದ ಕೆಲಸ. ಕುದುರೆ ಗೌರಿಯ ಎಡಗಾಲ ಬಳಿ ಕುಕ್ಕರಗಾಲಲ್ಲಿ ಕುಳಿತ ರಾಜಶ್ರೀಯ ಲೆಕ್ಕ ಇಷ್ಟೇ.

"ಹಗ್ಗ ಗಟ್ಟಿ ಹಿಡಿ," ಎಂದಳು ದಾನಿಶನಿಗೆ. ಅವನು ಅವಳ ಕ್ಲಾಸಿನವನು, ಪಕ್ಕದ ಓಣಿಯ ಟಾಂಗಾ ಮುರ್ತುಜಸಾಬರ ಮೊಮ್ಮಗ.

"ನಮ್ಮಜ್ಜ ನಿನ್ನಿ ಎಣ್ಣಿ ಹಚ್ಚಂತ ಹೇಳ್ಯಾನಲ್ಲ. ಮತ್ಯಾಕ ಕತ್ತರಿ?"

"ನಿಮ್ಮಜ್ಜಗ ಟೈಮ್ ಐತಿ. ನಮ್ಮಪ್ಪ ನಾಳಿ ಮುಂಜಾನಿ ಕುರಿ ಹೊಡಕೊಂಡು ಹೊಂಟಾನ."

ಮೇವು ಹುಡುಕಿಕೊಂಡು ಹಿಂಡು ಶಿರೂರು ಬಿಟ್ಟಿತೆಂದರೆ ಪಾತ್ರೆ, ಕಂಬಳಿ, ನಡೆಯಲಾರದ ಎಳೆ ಮರಿಗಳು ಎಲ್ಲವೂ ಗೌರಿಯ ಬೆನ್ನ ಮೇಲೆಯೇ. ಅದರ ಮುಂಗಾಲುಗಳ ಒಳಮಗ್ಗುಲಲ್ಲಿ, ಮೊಣಕಾಲಿನ ಮೇಲೆ, ಒಂದೊಂದು ದಡ್ಡು, ಒರಟು ಚರ್ಮದ ಗಂಟು. ಅದು ಎಲ್ಲ ಕುದುರೆಗಳಿಗೂ ಇರುತ್ತದೆ. ಗೌರಿಯವು ಮಾತ್ರ ಹೆಬ್ಬೆರಳಿನಷ್ಟು ಉದ್ದ ಬೆಳೆದಿದ್ದವು. "ರಾಜಿ ಕುದುರಿಗೆ ಕಾಲಾಗ ಕೊಂಬು ಬಂದಾವು, ನೋಡಾಕ ಟಿಕೆಟ್ ಎಷ್ಟು?" ಎಂದು ಶಾಲೆಯ ಹುಡುಗರು ನಕ್ಕಿದ್ದರು.

ರಾಜಶ್ರೀ ಎಷ್ಟೋ ಕುರಿಗಳ ಗೊರಸು ಕತ್ತರಿಸಿದವಳು. ಬೆಳೆದ ಗೊರಸಿನ ತುದಿ ನಮ್ಮ ಉಗುರಿದ್ದಂತೆ, ಕತ್ತರಿಸಿದರೆ ಕುರಿಗೆ ಗೊತ್ತೂ ಆಗುವುದಿಲ್ಲ. ಇದೂ ಹಾಗೆಯೇ ಎಂದುಕೊಂಡು ದಡ್ಡಿನ ಬುಡಕ್ಕೇ ಕತ್ತರಿ ಇಟ್ಟು ಒತ್ತಿದಳು.

ಗೌರಿಯ ಇಡೀ ಮೈ ಒಮ್ಮೆ ನಡುಗಿತು. ಹಗ್ಗ ದಾನಿಶನ ಕೈಯಿಂದ ಕಿತ್ತುಹೋಯಿತು. ಕಾಲಿನ ಮೇಲೆ ಒಂದು ಕೆಂಪು ಗೆರೆ ಗೊರಸಿನವರೆಗೆ ಇಳಿಯಿತು.

ತುಂಡು ರಾಜಶ್ರೀಯ ಅಂಗೈಯಲ್ಲೇ ಇತ್ತು. ಮೇಲೆ ಒಣ ತೊಗಟೆಯಂತೆ, ಬುಡದಲ್ಲಿ ಹಸಿ. ಬೆಚ್ಚಗಿತ್ತು. ಉಗುರು ಬೆಚ್ಚಗಿರುವುದಿಲ್ಲ.

ದಾನಿಶ ಆಗಲೇ ಅಜ್ಜನನ್ನು ಕರೆಯಲು ಓಡಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವ ಬೋರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಯಾರ್ ಮಾಡಿದ್ರು ಇದನ್ನ?"

ರಾಜಶ್ರೀ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಮುಂದೆ ತಂದಳು. "ನಾನ, ಅವ್ವಾ."

ಮುರ್ತುಜಸಾಬರು ಬಂದವರೇ ಮೊದಲು ಗೌರಿಯ ಕುತ್ತಿಗೆ ಸವರಿದರು. ಅದು ಶಾಂತವಾದ ಮೇಲೆ ತೊಳೆದ ಬಟ್ಟೆಯನ್ನು ರಕ್ತ ನಿಲ್ಲುವವರೆಗೆ ಗಾಯಕ್ಕೆ ಒತ್ತಿ ಹಿಡಿದರು.

"ಅಜ್ಜಾ, ಕುಂಟ ಆಕ್ಕತೇನ್ರಿ?" ಎಂದಳು ರಾಜಶ್ರೀ.

"ಇಲ್ಲ. ರಕ್ತ ನಿಂತೈತಿ. ಆದ್ರ ನಾಳಿ ಇದು ಹೇರು ಹೊರಂಗಿಲ್ಲ. ದನದ ಡಾಕ್ಟರ್‌ನ ಕರಸ್ರಿ ಬೋರವ್ವ, ಗಾಯದ ಮ್ಯಾಲ ನೊಣ ಕುಂಡ್ರಬಾರದು." ಆಮೇಲೆ ಬಲಗಾಲಿನ ದಡ್ಡು ತೋರಿಸಿದರು. "ಇದಕ್ಕ ಎಣ್ಣಿ ಹಚ್ಚವ್ವ. ಮೆತ್ತಗಾಗಿ ಉಳ್ಳಾಗಡ್ಡಿ ಸಿಪ್ಪಿ ಹಂಗ ಬಿಡತೈತಿ. ತಾನಾ ಬಂದಷ್ಟ ತಗೊ. ಜಗ್ಗಬ್ಯಾಡ."

ಸಂಜೆ ಅಪ್ಪ ಬೈಯಲಿಲ್ಲ. ಮರುದಿನದ ಪಯಣಕ್ಕೆ ಕಟ್ಟಿಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ಅದನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ಸುಲಭವಿತ್ತು.

ಮರುದಿನ ರಾಜಶ್ರೀ ಎಣ್ಣೆ ಹಿಡಿದು ಹೋದರೆ ಗೌರಿ ಕಿವಿ ಹಿಂದಕ್ಕೆ ಮಾಡಿತು. ಬೆರಳು ತಾಗುವ ಮೊದಲೇ ಚರ್ಮ ಅದುರಿತು. ರಾಜಶ್ರೀ ಹಗ್ಗ ಜಗ್ಗಲಿಲ್ಲ. ಗೌರಿ ತಾನಾಗಿ ತಲೆ ತಗ್ಗಿಸುವವರೆಗೆ ಎಣ್ಣೆಗೈಯಲ್ಲೇ ನಿಂತಳು. ಶಾಲೆಯ ಬೆಲ್ ಹೊಡೆದದ್ದು ಕೇಳಿಸಿತು. ಆದರೂ ನಿಂತಳು.

ನಾಲ್ಕನೇ ದಿನ ಬಲಗಾಲಿನ ದಡ್ಡಿನ ಮೇಲ್ಪದರ ಅವಳ ಬೆರಳಿಗೆ ಮೆಲ್ಲಗೆ ಸುಲಿದು ಬಂತು. ಒಂದು ಹನಿ ರಕ್ತವಿಲ್ಲ. ಗೌರಿ ಜೋಳದ ಕಣಿಕೆ ಮೆಲ್ಲುತ್ತಲೇ ಇತ್ತು.

ಐದನೇ ದಿನ ಅಪ್ಪ ಗೌರಿಯ ಮೇಲೆ ಹೇರು ಹೊರಿಸಿ ಹಿಂಡು ಹೊಡೆದುಕೊಂಡು ಹೊರಟ. ಎಣ್ಣೆಗೆ ನಲವತ್ತು, ಡಾಕ್ಟರಿಗೆ ಮುನ್ನೂರು ಹೋಯಿತು. ಉಳಿಸಬೇಕೆಂದಿದ್ದ ನಾಲ್ಕು ದಿನವೂ ಹೋಯಿತು. ಹೊರಡುವ ಹೊತ್ತಿಗೆ ಗೌರಿ ಬಲಗಾಲನ್ನು ರಾಜಶ್ರೀಗೆ ಮುಟ್ಟಗೊಡುತ್ತಿತ್ತು. ಎಡಗಾಲನ್ನು ಇನ್ನೂ ಕೊಡುತ್ತಿರಲಿಲ್ಲ.